ಕಮಿಷನರ್ ಎಂಬ ಮಾತು

ಮೈಸೂರಿನಿಂದ ಮಡಿಕೇರಿಯ ದಾರಿ ಹಿಡಿದು ಹೊರಟವರಿಗೆ ಇಲವಾಲ, ಬಿಳಿಕೆರೆಗಳನ್ನು ದಾಟಿದ ಮೇಲೆ ಹುಣಸೂರು ಸಿಕ್ಕುತ್ತದೆ. ಅಲ್ಲಿಂದ ನಾಗರಹೊಳೆಯ ಕಾಡಿನ ಕಡೆಗೆ ತಿರುಗಿದರೆ ಗುರುಪುರ. ಈ ಗುರುಪುರದ ಒಬ್ಬ ಬೇಸಾಯಗಾರನಿಗೆ ತನ್ನ ಹೊಲದ ಖಾತೆಯ ವಿಷಯದಲ್ಲಿ ತಹಶೀಲ್ದಾರರ ಕಛೇರಿಯ ತೀರ್ಮಾನ ಸರಿತೋರದೆ ಹೋಯಿತೆನ್ನೋಣ. ಅವನು ಮೇಲ್ಮನವಿಯನ್ನು ಹಿಡಿದುಕೊಂಡು ಹೋಗತಕ್ಕ ಸ್ಥಳ ಹುಣಸೂರಿನ ಏಸಿ ಆಫೀಸು. ಪಿರಿಯಾಪಟ್ಟಣದವನೂ, ಕೃಷ್ಣರಾಜನಗರದವನೂ, ಹೆಗ್ಗಡದೇವನಕೋಟೆಯವನೂ ಅಲ್ಲಿಗೇ ಬರಬೇಕು. ಕಛೇರಿಯ ಹಲಗೆಯ ಮೇಲೆ 'ಉಪವಿಭಾಗಾಧಿಕಾರಿ' ಎಂದು ದುಂಡಗೆ ಬರೆದಿದ್ದರೂ ಆ ಮಾತನ್ನು ಪೂರ್ತಿಯಾಗಿ ಉಚ್ಚರಿಸಿದ ರೈತನನ್ನು ನಾವಂತೂ ಕಂಡಿಲ್ಲ. ಅಲ್ಲಿಯೂ ನ್ಯಾಯ ಸಿಕ್ಕಲಿಲ್ಲವೆಂದರೆ ಮೈಸೂರಿನ ಡೀಸಿಯವರು ಇದ್ದಾರೆ. ವಿದ್ಯುಚ್ಛಕ್ತಿಯನ್ನು ಕುರಿತು ಓದುವ ವಿದ್ಯಾರ್ಥಿಗಳಿಗೆ ಏಸಿ, ಡೀಸಿ ಎಂದರೆ ಬೇರೆ ಅರ್ಥ. ಹಳ್ಳಿಯವನಿಗೂ ಇವು ಶಕ್ತಿಯ ಹೆಸರುಗಳೇ, ಕೈಯಿಟ್ಟರೆ ಹೊಡೆಯಬಹುದೆಂಬ ಭಯವೂ ಅಷ್ಟೇ. ಎರಡರಲ್ಲಿಯೂ ಕೊನೆಗೆ ಉಳಿಯುವ 'ಸಿ' ಎಂಬ ಅಕ್ಷರದ ಹಿಂದೆ ಅವಿತಿರುವ ಮಾತನ್ನು ಇಂದು ನಾವು ವಿಚಾರಿಸಬೇಕೆಂದಿದ್ದೇವೆ. ಅದು ಕಮಿಷನರ್ ಎಂಬ ಮಾತು.

ಲ್ಯಾಟಿನ್ ಭಾಷೆಯಲ್ಲಿ ಮಿತ್ತೆರೆ ಎಂಬ ಕ್ರಿಯಾಪದವುಂಟು. ಕಳುಹಿಸುವುದು, ಹೋಗಬಿಡುವುದು ಎಂದು ಅದರ ಅರ್ಥ. ಅದಕ್ಕೆ ಕೂಡಿಕೆಯ ಅರ್ಥವುಳ್ಳ ಒಂದು ಉಪಸರ್ಗ ಸೇರಿ ಕೊಮ್ಮಿತ್ತೆರೆ ಎಂದಾಯಿತು. ಒಂದೆಡೆ ಕೂಡಿಸುವುದು ಎಂಬ ಅರ್ಥದೊಡನೆ, ಒಂದು ವಸ್ತುವನ್ನು ಇನ್ನೊಬ್ಬನ ಕೈಯಲ್ಲಿಡುವುದು, ನಂಬಿ ಒಪ್ಪಿಸುವುದು ಎಂಬ ಅರ್ಥವೂ ಅದಕ್ಕೆ ಬಂದಿತು. ಮಿಷನರಿ, ಪರ್ಮಿಟ್, ಪ್ರಾಮಿಸರಿ ನೋಟು, ಕಮಿಟಿ ಇವೆಲ್ಲವೂ ಇದೇ ಸಂಸಾರದ ಮಕ್ಕಳು. ನಂಬಿ ಒಪ್ಪಿಸಿದ ಕೆಲಸ ಕಮಿಷನ್, ಒಪ್ಪಿಸಿಕೊಂಡವನು ಕಮಿಷನರ್. ಇಂಗ್ಲಿಷಿನಲ್ಲಿ ಈ ಮಾತು ಹದಿನೈದನೆಯ ಶತಮಾನದಿಂದಲೂ ನಡೆದುಬಂದಿದೆ. ದೊರೆಯು ತಾನೇ ಹೋಗಲಾರದ ಕಡೆಗೆ ಒಬ್ಬನನ್ನು ಕಳುಹಿಸಿ, ಈ ಕೆಲಸವನ್ನು ನನ್ನ ಪರವಾಗಿ ಮಾಡು ಎಂದು ಬರೆದುಕೊಟ್ಟ ಕಾಗದದ ಬಲದಿಂದ ಅವನು ಕಮಿಷನರನಾಗುತ್ತಿದ್ದನು. ಕಾಗದವಿಲ್ಲದಿದ್ದರೆ ಅವನು ಏನೂ ಅಲ್ಲ.

ನಮ್ಮ ಕನ್ನಡದ 'ಒಪ್ಪಿಸು' ಎಂಬ ಕ್ರಿಯಾಪದ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆಂದರೂ ತಪ್ಪಿಲ್ಲ. ಮನೆಯ ಬೀಗದಕೈಯನ್ನು ನೆರೆಯವರಿಗೆ ಒಪ್ಪಿಸುತ್ತೇವೆ. ಹುಡುಗನು ಮೇಷ್ಟರಿಗೆ ಪಾಠವನ್ನು ಒಪ್ಪಿಸುತ್ತಾನೆ. ಪಾರುಪತ್ಯಗಾರನು ಲೆಕ್ಕವನ್ನು ಒಪ್ಪಿಸುತ್ತಾನೆ. ಕೊಡುವುದಕ್ಕೂ ಅದೇ ಮಾತು, ಕೊಟ್ಟದ್ದನ್ನು ಹಿಂದಿರುಗಿಸಿ ಉತ್ತರ ಹೇಳುವುದಕ್ಕೂ ಅದೇ ಮಾತು. ಕಮಿಷನರ್ ಎಂಬ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಅದರೊಳಗೆ ಇನ್ನೂ ಮೂರು ಸಂಗತಿಗಳು ಕೇಳಿಬರುತ್ತವೆ: ಒಪ್ಪಿಸಿದವನೊಬ್ಬನಿದ್ದಾನೆ, ಒಪ್ಪಿಸಿದ ಪದಾರ್ಥ ಇವನದಲ್ಲ, ಲೆಕ್ಕ ಒಪ್ಪಿಸಬೇಕಾದ ದಿನವೊಂದು ಬರುತ್ತದೆ. ಸಂತೆಯ ಮಂಡಿಯಲ್ಲಿ ರೈತನ ಸರಕನ್ನು ಮಾರಿಸಿಕೊಟ್ಟು ರೂಪಾಯಿಗೆ ಇಷ್ಟೆಂದು ಹಿಡಿದುಕೊಳ್ಳುವ ಕಮಿಷನ್ ಕೂಡ ಇದೇ ತತ್ತ್ವದ್ದು: ಮಾರುವವನು ಸರಕಿನ ಯಜಮಾನನಲ್ಲ. ಗುತ್ತಿಗೆಯ ಬಿಲ್ಲಿನಲ್ಲಿ ನೂರಕ್ಕೆ ಇಷ್ಟೆಂದು ಕೇಳುವ ಕಮಿಷನ್ ಮಾತ್ರ ಈ ಮಾತಿಗೆ ನಮ್ಮ ದೇಶದಲ್ಲಿ ತಗುಲಿದ ರೋಗ.

ಹುಣಸೂರಿಗೆ ಈ ಲ್ಯಾಟಿನ್ ಸಂಸಾರದ ಪರಿಚಯ ಸಾಹೇಬರಿಗಿಂತ ಮೊದಲು ಎತ್ತುಗಳ ಮೂಲಕ ಆಯಿತೆಂದು ಹೇಳಬಹುದು. ಸೈನ್ಯಕ್ಕೆ ಆಹಾರ, ಬಂಡಿ, ಎತ್ತುಗಳನ್ನು ಒದಗಿಸುವ ಇಲಾಖೆಗೆ ಕಮಿಸರಿಯಟ್ ಎಂದು ಹೆಸರು. ಒಪ್ಪಿಸಿಕೊಂಡವನ ಇಲಾಖೆ ಎಂದೇ ಅದರ ಅರ್ಥ. ಬೆಂಗಳೂರಿನಲ್ಲಿ ಆ ಹೆಸರಿನ ರಸ್ತೆಯೊಂದು ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟೀಪೂ ಸುಲ್ತಾನನ ಕಾಲದಲ್ಲಿ ಅಮೃತಮಹಲೆಂದು ಹೆಸರು ಪಡೆದು, ೧೭೯೯ರ ಶ್ರೀರಂಗಪಟ್ಟಣದ ಪತನವಾದ ಮೇಲೆ ಕ್ರಮೇಣ ಮದರಾಸು ಕಮಿಸರಿಯಟ್ಟಿನ ಕೈಗೆ ಬಂದಿತು. ಹುಣಸೂರು ಅದರ ಮುಖ್ಯ ಠಾಣ್ಯವಾಯಿತು. ಎತ್ತುಗಳ ಸಾಕಣೆಯಲ್ಲದೆ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರಮುಟ್ಟಿನ ಕಾರ್ಯಾಗಾರಗಳು ಅಲ್ಲಿ ನಡೆದುವು. ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ದನಗಳ ಹಿಂಡನ್ನು ಮಾರಿಬಿಟ್ಟರು. ಅಂತಹ ಎತ್ತುಗಳು ಬೇರೆಲ್ಲಿಯೂ ಸಿಕ್ಕುವುದಿಲ್ಲವೆಂದು ತಿಳಿಯಲು ಆರು ವರ್ಷ ಹಿಡಿಯಿತು. ಒಪ್ಪಿಸಿಕೊಂಡದ್ದನ್ನು ಮಾರುವುದು ಸುಲಭ, ಮತ್ತೆ ಕಟ್ಟುವುದು ಕಷ್ಟ ಎಂಬುದು ಆ ಇಲಾಖೆಗೆ ಆಗ ಗೊತ್ತಾಯಿತು.

ಎತ್ತುಗಳಿಗೆ ಆದದ್ದು ಆಗಲಿ. ರಾಜ್ಯಕ್ಕೇ ಇದೇ ಪ್ರಶ್ನೆ ಬಂದುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೈಸೂರಿನ ಅರಸರ ಬಿರುದು ಒಡೆಯರ್. ಒಡೆಯ, ಒಡೆತನ, ಒಡವೆ—ಈ ಮಾತುಗಳಲ್ಲಿ ಸ್ವಾಮ್ಯದ, ಸೊತ್ತಿನ ಧ್ವನಿಯಿದೆ. ಒಡೆಯನೆಂದರೆ ಯಾರಿಂದಲೂ ಒಪ್ಪಿಸಿಕೊಂಡವನಲ್ಲ, ಪದಾರ್ಥವೇ ಅವನದು. ಇಂತಹ ಒಡೆಯರ ನಾಡಿಗೆ ೧೮೩೧ರಲ್ಲಿ ಕಮಿಷನರು ಬಂದರು. ನಗರದ ಪ್ರಾಂತದಲ್ಲಿ ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯಕ್ಕೆ ಎದುರುಬಿದ್ದಿದ್ದರು. ಅದನ್ನು ಕಾರಣವಾಗಿ ಹಿಡಿದು, ೧೭೯೯ರ ಒಪ್ಪಂದದಲ್ಲಿದ್ದ ಷರತ್ತುಗಳನ್ನು ಮುಂದಿಟ್ಟು, ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ಅರಸರಿಗೆ ವರ್ಷಕ್ಕೆ ಒಂದು ಲಕ್ಷ ವರಹವೂ ನಿವ್ವಳ ಹುಟ್ಟುವಳಿಯಲ್ಲಿ ಐದರಲ್ಲೊಂದು ಪಾಲೂ ನಿಗದಿಯಾಯಿತು. ಮೊದಲು ಇಬ್ಬರು ಕಮಿಷನರು, ಹಿರಿಯರು ಬ್ರಿಗ್ಸ್, ಕಿರಿಯರು ಲಷಿಂಗ್ಟನ್. ಒಂದೇ ಬೀಗದಕೈಯನ್ನು ಇಬ್ಬರಿಗೆ ಒಪ್ಪಿಸಿದರೆ ಏನಾಗಬಹುದೋ ಅದೇ ಆಯಿತು. ೧೮೩೪ರಿಂದ ಒಬ್ಬರೇ ಕಮಿಷನರೆಂದು ಗೊತ್ತಾಗಿ, ಆ ವರ್ಷವೇ ಮಾರ್ಕ್ ಕಬ್ಬನ್ ಅವರು ಆ ಸ್ಥಾನಕ್ಕೆ ಬಂದು ೧೮೬೧ರವರೆಗೆ ನಡೆಸಿದರು.

ಇಲ್ಲಿ ಮಾತಿನ ಮೂಲಾರ್ಥವು ಒಂದು ರಾಜ್ಯದ ಹಣೆಬರಹವನ್ನೇ ಹಿಡಿದು ಕುಳಿತಿತು. ಬಂದವರು ಕಮಿಷನರೇ ಆಗಿದ್ದರೆ, ಅಂದರೆ ಒಪ್ಪಿಸಿಕೊಂಡವರೇ ಆಗಿದ್ದರೆ, ಪದಾರ್ಥ ಇನ್ನೊಬ್ಬರದಾಯಿತು; ಒಂದು ದಿನ ಹಿಂದಿರುಗಿಸಬೇಕಾಯಿತು. ಮಹಾರಾಜರು ಪಟ್ಟುಹಿಡಿದು ವಾದಿಸಿದ್ದು ಇದನ್ನೇ. ಅವರು ಸೈನ್ಯ ಕಟ್ಟಲಿಲ್ಲ, ಖರೀತೆಗಳನ್ನು ಬರೆದರು. ಗವರ್ನರ್ ಜನರಲರು ಬದಲಾದ ಹಾಗೆಲ್ಲ ಮತ್ತೆ ಬರೆದರು. ಎದುರು ಪಕ್ಷದವರ ದೃಷ್ಟಿ ಬೇರೆ. ಒಪ್ಪಂದದಲ್ಲಿ ವಾರಸುದಾರರ ಮಾತಿಲ್ಲ, ಅದು ಈ ಅರಸರ ಜೀವಮಾನಕ್ಕೆ ಮಾತ್ರ ಸೇರಿದ್ದು, ಅವರು ತೀರಿಕೊಂಡಮೇಲೆ ರಾಜ್ಯ ಕಂಪನಿಗೇ ಉಳಿಯಬಹುದು ಎಂದು ಲಾರ್ಡ್ ಡಾಲ್‌ಹೌಸಿಯವರು ೧೮೫೬ರಲ್ಲಿ ಬರೆದಿಟ್ಟಿದ್ದರು. ಒಪ್ಪಿಸಿಕೊಂಡವನು ಬಹುಕಾಲ ಇಟ್ಟುಕೊಂಡರೆ ಒಡೆಯನಾಗಿಬಿಡುತ್ತಾನೆಂಬ ನ್ಯಾಯ ಇದು. ಹಳ್ಳಿಯಲ್ಲಿ ಭೋಗ್ಯಕ್ಕೆ ಬಿಟ್ಟ ಗದ್ದೆಯ ವ್ಯಾಜ್ಯಗಳನ್ನು ಕಂಡವರಿಗೆ ಈ ನ್ಯಾಯ ಹೊಸದಲ್ಲ.

ಕಬ್ಬನ್ ಅವರ ವಿಷಯದಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ೧೮೬೦ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಸೇರಿಸಬೇಕೆಂಬ ಅಪ್ಪಣೆ ಬಂದಾಗ ಅವರು ರಾಜೀನಾಮೆ ಕೊಡಲು ಸಿದ್ಧರಾದರು. ಮಹಾರಾಜರೂ ಬಲವಾಗಿ ವಿರೋಧಿಸಿದರು. ಒಡೆಯರೂ ಒಪ್ಪಿಸಿಕೊಂಡವರೂ ಒಂದೇ ಕಡೆ ನಿಂತುದರಿಂದ ಆ ಅಪ್ಪಣೆ ಹಿಂತೆಗೆಯಲ್ಪಟ್ಟಿತು. ಕಬ್ಬನ್ ಅವರ ಆಡಳಿತದಲ್ಲಿ ಕುಂದುಗಳಿದ್ದುವು. ಆದರೆ ಇಟ್ಟುಕೊಂಡ ಪದಾರ್ಥವನ್ನು ಮೂರನೆಯವನಿಗೆ ದಾಟಿಸಬಾರದೆಂಬ ಮರ್ಯಾದೆ ಅವರಲ್ಲಿ ಇದ್ದಿತೆಂದು ನಮಗೆ ತೋರುತ್ತದೆ. ಮರುವರ್ಷ ಅವರು ಸ್ವದೇಶಕ್ಕೆ ಹೊರಟು ದಾರಿಯಲ್ಲಿ ಸೂಯೆಜಿನಲ್ಲಿ ತೀರಿಕೊಂಡರು.

೧೮೬೫ರಲ್ಲಿ ಮಹಾರಾಜರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ೧೮೬೭ರ ಏಪ್ರಿಲಿನಲ್ಲಿ ಲಂಡನ್ನಿನ ಸರ್ಕಾರ ರಾಜ್ಯವನ್ನು ದತ್ತುಪುತ್ರರಿಗೆ ಹಿಂದಿರುಗಿಸುವುದಾಗಿ ಒಪ್ಪಿಕೊಂಡಿತು. ೧೮೬೮ರ ಮಾರ್ಚಿಯಲ್ಲಿ ಮುಮ್ಮಡಿಯವರು ಕಾಲವಾದರು. ರಾಜ್ಯ ಕೈಬಿಟ್ಟು ಆಗ ಮೂವತ್ತಾರು ವರ್ಷ ಕಳೆದಿತ್ತು. ೧೮೮೧ರ ಮಾರ್ಚಿ ೨೫ರಂದು ಚಾಮರಾಜ ಒಡೆಯರಿಗೆ ಅಧಿಕಾರ ಹಿಂದಿರುಗಿತು. ಆದರೆ ಕೈಬದಲಾದ ಆ ದಿನದ ಪತ್ರವನ್ನು ಓದಿದರೆ ಮನಸ್ಸಿಗೆ ಒಂದು ಸಂಶಯ ಬರುತ್ತದೆ. ಅದರಲ್ಲಿ ಷರತ್ತುಗಳೇ ಹೆಚ್ಚು. ಪೊಗದಿಯ ಹಣ ವರ್ಷಕ್ಕೆ ೩೫ ಲಕ್ಷ ರೂಪಾಯಿಗಳೆಂದು ಗೊತ್ತಾಯಿತು. ಷರತ್ತುಗಳು ತಪ್ಪಿದರೆ ಮತ್ತೆ ತೆಗೆದುಕೊಳ್ಳುವ ಹಕ್ಕನ್ನು ಕೊಟ್ಟವರು ತಮ್ಮಲ್ಲೇ ಇಟ್ಟುಕೊಂಡರು. ಪದವಿಯಿಂದ ಒಡೆಯರು, ಕಾಗದದಿಂದ ಒಂದು ಬಗೆಯ ಕಮಿಷನರು! ಈ ಪತ್ರದ ಬದಲಿಗೆ ಸಮಾನರ ನಡುವಣ ಮಾತಿಗೆ ತಕ್ಕಮಟ್ಟಿಗೆ ಹತ್ತಿರವಾದ ಒಪ್ಪಂದ ಬರಲು ೧೯೧೩ ಆಗಬೇಕಾಯಿತು.

ಕಮಿಷನ್ ಹೋಯಿತು, ಹೆಸರು ಹೋಗಲಿಲ್ಲ. ಕಬ್ಬನ್ ಅವರ ಕಾಲದಲ್ಲಿ ನಾಲ್ಕು ವಿಭಾಗಗಳಿಗೂ ಸೂಪರಿಂಟೆಂಡೆಂಟರಿದ್ದರು; ನಮ್ಮ ಹುಣಸೂರಿನ ಸೀಮೆ ಅಷ್ಟಗ್ರಾಮದ ವಿಭಾಗಕ್ಕೆ ಸೇರಿತ್ತು. ಬೌರಿಂಗ್ ಅವರ ಕಾಲದಲ್ಲಿ ರಾಜ್ಯವನ್ನು ಮೂರು ವಿಭಾಗಗಳಾಗಿಯೂ ಎಂಟು ಜಿಲ್ಲೆಗಳಾಗಿಯೂ ಹಂಚಿದರು. ಅನಂತರ ಹೆಸರುಗಳೂ ಬದಲಾಗಿ ಮೇಲೆ ಚೀಫ್ ಕಮಿಷನರು, ವಿಭಾಗಗಳಿಗೆ ಕಮಿಷನರು, ಜಿಲ್ಲೆಗಳಿಗೆ ಡೆಪ್ಯುಟಿ ಕಮಿಷನರು ಎಂದಾಯಿತು. ೧೮೮೧ರಲ್ಲಿ ಮೇಲಿನವರಿಬ್ಬರೂ ಮಾಯವಾದರು, ದಿವಾನರು ಬಂದರು. ಕೆಳಗಿನ ಡೆಪ್ಯುಟಿಯೂ ಅಸಿಸ್ಟೆಂಟೂ ಹಾಗೆಯೇ ಉಳಿದರು. ಒಮ್ಮೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದನು: "ಡೆಪ್ಯುಟಿ ಎಂದರೆ ಇನ್ನೊಬ್ಬರ ಬದಲಿಗೆ ನಿಂತವರಲ್ಲವೆ, ಸಾರ್? ದಿವಾನರ ಕಾಲದಲ್ಲಿ ಕಮಿಷನರೇ ಇಲ್ಲದಿರುವಾಗ ಡೆಪ್ಯುಟಿ ಕಮಿಷನರು ಯಾರ ಬದಲಿಗೆ ನಿಂತಿದ್ದರು?" ಪ್ರಶ್ನೆ ತರ್ಕಶುದ್ಧವಾದದ್ದು. ಊರಿನ ದೇವರ ಉತ್ಸವಮೂರ್ತಿ ಉಳಿದು ಮೂಲವಿಗ್ರಹ ಹೋದಂತೆ ಆಗಿತ್ತು. ಆದರೆ ಸರ್ಕಾರದ ಕಛೇರಿಗಳಲ್ಲಿ ತರ್ಕಕ್ಕಿಂತ ರೂಢಿಗೆ ಆಯುಸ್ಸು ಹೆಚ್ಚು. ಆತನಿಗೆ ನಾವು ಕೊಟ್ಟ ಉತ್ತರ ಇಷ್ಟೇ: ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಜನರಿಗೆ ತಪ್ಪಿಹೋದದ್ದರಿಂದಲೇ ಆ ಹೆಸರು ಉಳಿಯಿತು.

ಧಾರವಾಡ, ಬಳ್ಳಾರಿ, ಮಂಗಳೂರುಗಳ ಕಡೆಯ ಕೇಳುಗರಿಗೆ ಈ ಡೀಸಿಯ ಕಥೆ ಹೊರಗಿನದಾಗಿ ತೋರಬಹುದು. ಮುಂಬಯಿ ಮದರಾಸುಗಳ ಆಳ್ವಿಕೆಯಲ್ಲಿದ್ದ ಆ ಜಿಲ್ಲೆಗಳಲ್ಲಿ ಇದ್ದವರು ಕಲೆಕ್ಟರು. ಕಲೆಕ್ಟರೆಂದರೆ ವಸೂಲು ಮಾಡುವವನು. ಆ ಮಾತಿನಲ್ಲಿ ಮರೆಮಾಚುವಿಕೆ ಇಲ್ಲ. ರೆಸಿಡೆಂಟ್ ಎಂಬ ಇನ್ನೊಂದು ಮಾತಿತ್ತು. ಸುಮ್ಮನೆ ವಾಸವಾಗಿರುವವನು ಎಂದು ಅದರ ಅರ್ಥ. ಆ ವಾಸಸ್ಥರು ಸುಮ್ಮನಿದ್ದರೆ ನಮ್ಮ ಚರಿತ್ರೆ ಬೇರೆಯಾಗುತ್ತಿತ್ತು. ಹುಣಸೂರಿನ ದಾರಿಯ ಇಲವಾಲದಲ್ಲಿಯೂ ಅವರಿಗೊಂದು ದೊಡ್ಡ ಬಂಗಲೆಯಿತ್ತು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗ ಹಳೆಯ ಮೈಸೂರಿನ ಹೆಸರೇ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಆದ್ದರಿಂದ ೧೮೩೧ರಲ್ಲಿ ಕಂಪನಿಯವರು ಕೆಲವು ವರ್ಷಗಳಿಗೆಂದು ತಂದ ಪದವಿಯ ನೆರಳು ಬೀದರಿನಲ್ಲಿಯೂ ಕಾರವಾರದಲ್ಲಿಯೂ ಬಿದ್ದಿದೆ.

ಅಧಿಕಾರದ ಮಾತುಗಳು ಏರುವುದೂ ಇಳಿಯುವುದೂ ಲೋಕದಲ್ಲೆಲ್ಲ ಇದೆ. ಲಾಯದ ಮೇಲ್ವಿಚಾರಕನಾಗಿದ್ದ ಕಾನ್‌ಸ್ಟೇಬಲನು ಯೂರೋಪಿನ ಆಸ್ಥಾನಗಳಲ್ಲಿ ಸೇನಾಧಿಪತಿಯ ಸಮಕ್ಕೆ ಏರಿ, ನಮ್ಮಲ್ಲಿಗೆ ಬರುವ ಹೊತ್ತಿಗೆ ಠಾಣೆಯ ಬಾಗಿಲಲ್ಲಿ ನಿಂತುಕೊಂಡನು. ನಮ್ಮ ಸೀಮೆಯ ಉದಾಹರಣೆ ಬೇಕಾದರೆ ಹೆಗ್ಗಡದೇವನಕೋಟೆಯ ಹೆಸರಿನಲ್ಲೇ ಇದೆ: ಶಾಸನಗಳ ಕಾಲದಲ್ಲಿ ಪೆರ್ಗಡೆಯೆಂದರೆ ದೊಡ್ಡ ಅಧಿಕಾರಿ; ಹೆಗ್ಗಡೆಯೆಂಬುದು ಈಗ ಮನೆತನದ ಹೆಸರು. ಅದಕ್ಕಿಂತ ಸೊಗಸಾದದ್ದು ಆನೆಯ ಕಥೆ. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದಲ್ಲಿ ಸುವರ್ಣಗಿರಿಯ ಮಹಾಮಾತ್ರರು ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸುತ್ತಾರೆ. ಮೌರ್ಯರ ಕಾಲದ ಡೀಸಿಗಳೆಂದೇ ತಿಳಿಯಿರಿ. ಈ ಮಹಾಮಾತ್ರನೇ ಬಾಯಿಂದ ಬಾಯಿಗೆ ಸವೆದು ಮಾವುತನಾದನು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರೆಯ ಆನೆಗಳು ಪಯಣ ಹೊರಡುವಾಗ ಕತ್ತಿನ ಮೇಲೆ ಕುಳಿತಿರುವ ಜೇನುಕುರುಬರ ತರುಣನಿಗೆ ತನ್ನ ಹೆಸರು ಸಾಮ್ರಾಜ್ಯದ ಮಂತ್ರಾಲೋಚನೆಯಿಂದ ಇಳಿದು ಬಂದದ್ದೆಂದು ಯಾರೂ ಹೇಳಿರಲಾರರು. ತಹಶೀಲ್ದಾರರಿಗೆ ಹಳೆಯ ಮೈಸೂರಿನಲ್ಲಿದ್ದ ಅಮಲ್ದಾರರೆಂಬ ಹೆಸರೂ ಹೋಯಿತು. ಅಮಲು ಎಂದರೆ ಅರಬ್ಬಿಯಲ್ಲಿ ಕೆಲಸ. ಕನ್ನಡದಲ್ಲಿ ಆಳ್ವಿಕೆಯೂ ಹೌದು, ಮತ್ತೂ ಹೌದು. ಒಂದೇ ಮಾತಿನಲ್ಲಿ ಎರಡನ್ನೂ ಇಟ್ಟುಕೊಂಡ ಜನರು ತಿಳಿಯದೆ ಇಟ್ಟುಕೊಂಡರೆಂದು ನಾವು ನಂಬುವುದಿಲ್ಲ.

ಕಮಿಷನರಿಗೆ ಕನ್ನಡದಲ್ಲಿ ಏನನ್ನಬೇಕು? ಜಿಲ್ಲೆಯವರಿಗೆ ಜಿಲ್ಲಾಧಿಕಾರಿ ಎಂದರು. ಅಧಿಕಾರಿಯೆಂದರೆ ಮೇಲೆ ಇರಿಸಲ್ಪಟ್ಟವನು. ಮೇಲಿರುವುದು ಆ ಮಾತಿನಲ್ಲಿ ಕಾಣುತ್ತದೆ, ಇರಿಸಿದವನು ಕಾಣುವುದಿಲ್ಲ. ಈ ಅನುವಾದದಲ್ಲಿ ಒಪ್ಪಿಸುವಿಕೆಯ ಧ್ವನಿ ಪೂರ್ತಿ ಬಿದ್ದುಹೋಗಿದೆಯೆಂದು ನಮ್ಮ ಆಕ್ಷೇಪಣೆ. ನಗರಪಾಲಿಕೆಯವರಿಗೂ ಚುನಾವಣೆಯವರಿಗೂ ಬಳಸಿದ ಆಯುಕ್ತ ಎಂಬ ಮಾತು ಎಷ್ಟೋ ಮೇಲು. ಗುಪ್ತರ ಕಾಲದ ತಾಮ್ರಪಟಗಳಲ್ಲಿಯೇ ಆಯುಕ್ತಕನೆಂಬ ಅಧಿಕಾರಿಯಿದ್ದಾನೆ. ಯುಜ್ ಎಂಬ ಧಾತುವಿಗೆ ಕಟ್ಟುವುದು, ಹೂಡುವುದು ಎಂದು ಅರ್ಥ. ನೊಗಕ್ಕೆ ಸಂಸ್ಕೃತದಲ್ಲಿರುವ ಯುಗ ಎಂಬ ಹೆಸರೂ ಅದರಿಂದಲೇ ಬಂದದ್ದು. ಆಯುಕ್ತನು ಹೂಡಲ್ಪಟ್ಟವನು. ಹುಣಸೂರಿನ ಕಮಿಸರಿಯಟ್ ಎತ್ತಿಗೂ ಅವನಿಗೂ ಈ ಮಟ್ಟಿಗೆ ನಂಟು: ಗಾಡಿ ಎತ್ತಿನದಲ್ಲ. ಕರ್ನಾಟಕದಲ್ಲಿ ೧೯೮೪ರ ಕಾಯಿದೆಯ ಮೂಲಕ ಬಂದ ಲೋಕಾಯುಕ್ತ ಎಂಬ ಹೆಸರಿನಲ್ಲಿ, ಹೂಡಿದವರು ಯಾರು ಎಂಬುದಕ್ಕೂ ಉತ್ತರ ಸೇರಿಕೊಂಡಿದೆ. ಕಂಪನಿಯವರು, ರಾಣಿಯವರು, ಮಹಾರಾಜರು ಇವರೆಲ್ಲ ಕುಳಿತಿದ್ದ ಕಡೆ ಲೋಕವನ್ನು ಕೂರಿಸಿದ ಆ ಮಾತನ್ನು ಕಟ್ಟಿದವರಿಗೆ ಭಾಷೆಯ ಮರ್ಮ ಗೊತ್ತಿದ್ದಿತು.

ಮಾತುಗಳನ್ನು ನಾವು ಇಂಗ್ಲಿಷಿನಿಂದ ತಂದುಕೊಂಡದ್ದೇ ಅಲ್ಲ, ಕೊಟ್ಟದ್ದೂ ಉಂಟು. ಗುರುಪುರದ ಹೆಸರಿನ ಮೊದಲರ್ಧವೇ ಅದಕ್ಕೆ ಸಾಕ್ಷಿ. ಗುರು ಎಂದರೆ ಭಾರವಾದದ್ದು. ಭಾರವೆಂಬ ಅರ್ಥದ ಲ್ಯಾಟಿನ್ನಿನ ಗ್ರಾವಿಸ್ ಎಂಬುದು ಅದರ ದೂರದ ದಾಯಾದಿ. ಇಂಗ್ಲಿಷಿನವರು ಆ ಮಾತನ್ನು ತೆಗೆದುಕೊಂಡು ವ್ಯಾಪಾರದ ಜಾಣರಿಗೂ ಅಂಟಿಸಿ ಹಗುರ ಮಾಡಿದರು. ಟಿಬೆಟ್ಟಿನವರು ಅದನ್ನೇ ಲಾಮಾ ಎಂದು ತಮ್ಮ ಭಾಷೆಗೆ ಇಳಿಸಿಕೊಂಡು ಭಾರವನ್ನು ಉಳಿಸಿಕೊಂಡರು. ೧೯೭೦ರ ದಶಕದ ಮೊದಲಲ್ಲಿ ನೆಲೆ ತಪ್ಪಿದ ಟಿಬೆಟ್ಟಿನ ಕುಟುಂಬಗಳಿಗೆ ಸರ್ಕಾರ ನೆಲವನ್ನು ಬಿಟ್ಟುಕೊಟ್ಟ ಸ್ಥಳ ಗುರುಪುರವೇ ಆದದ್ದು ಕಾಕತಾಳೀಯ. ನಿಘಂಟುಗಳನ್ನು ಓದುವವರಿಗೆ ಮಾತ್ರ ಹಿತವಾದ ಕಾಕತಾಳೀಯ.

ಆದರೆ ಗುರುಪುರದ ಆಚೆಗೆ ಕಾಡಿನ 'ಹಾಡಿ'ಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವರಿದ್ದಾರೆ. ಕಾಕನಕೋಟೆಯಲ್ಲಿ ೧೯೭೧ರವರೆಗೆ ನಡೆದ ಖೆಡ್ಡಾಗಳಲ್ಲಿ ಆನೆ ಹಿಡಿಯಲು ಅವರ ಮೈಬಲವೂ ಕಾಡಿನ ತಿಳಿವಳಿಕೆಯೂ ಬೇಕಾಗಿದ್ದುವು. ಅನಂತರ ಕಾಡು ಅಭಯಾರಣ್ಯವೂ ರಾಷ್ಟ್ರೀಯ ಉದ್ಯಾನವೂ ಆದಾಗ, ಆ ನೆಲ ನಿಮ್ಮದಲ್ಲ ಎಂಬ ಮಾತು ಅವರಿಗೆ ಬಂದಿತು, ಅನೇಕರು ಹೊರಗಾದರು. ೨೦೦೬ರ ಅರಣ್ಯಹಕ್ಕು ಕಾಯಿದೆ ಅವರ ಹಕ್ಕನ್ನು ಕೇಳುವುದಕ್ಕೆ ಒಂದು ದಾರಿ ಮಾಡಿತು. ಆ ದಾರಿಯ ಕ್ರಮ ನಮ್ಮ ಇಂದಿನ ವಿಷಯಕ್ಕೆ ಸೇರಿದ್ದು. ಅರ್ಜಿ ಮೇಲಿನ ಕಛೇರಿಯಲ್ಲಿ ಹುಟ್ಟುವುದಿಲ್ಲ. ಹಕ್ಕನ್ನು ಗೊತ್ತುಮಾಡುವ ಕೆಲಸ ಗ್ರಾಮಸಭೆಯಲ್ಲಿ ಮೊದಲಾಗುತ್ತದೆ. ಗ್ರಾಮಸಭೆಯು ತನ್ನವರಲ್ಲೇ ಕೆಲವರನ್ನು ಆರಿಸಿ ಸಮಿತಿಯನ್ನು ಮಾಡುತ್ತದೆ. ಸಮಿತಿಯು ನೆಲವನ್ನು ನೋಡಿ, ಹಿರಿಯರನ್ನು ವಿಚಾರಿಸಿ, ಸಭೆಗೆ ವರದಿ ಒಪ್ಪಿಸುತ್ತದೆ. ಸಭೆಯ ನಿರ್ಣಯ ಹುಣಸೂರಿಗೆ, ಏಸಿಯವರು ಅಧ್ಯಕ್ಷರಾಗಿರುವ ಉಪವಿಭಾಗದ ಸಮಿತಿಗೆ ಬರುತ್ತದೆ. ಅಲ್ಲಿಂದ ಡೀಸಿಯವರು ಅಧ್ಯಕ್ಷರಾಗಿರುವ ಜಿಲ್ಲೆಯ ಸಮಿತಿಗೆ. ಹಾಡಿಯವರ ಬಾಯಲ್ಲಿ ಇದು ಸಮಿತಿಯಲ್ಲ, ಕಮಿಟಿ. ಒಪ್ಪಿಸಲ್ಪಟ್ಟವರೆಂಬ ಆ ಹಳೆಯ ಲ್ಯಾಟಿನ್ ಮಾತು ಈ ಒಂದು ಕಡತದ ಮಟ್ಟಿಗೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ: ಮೊದಲು ಕೊಟ್ಟವರು ಹಾಡಿಯ ಜನರು, ಇಸಿದುಕೊಂಡವರು ಕಮಿಷನರು. ಹುಣಸೂರಿನ ಕಛೇರಿಯ ಜಗಲಿಯ ಮೇಲೆ ಕಾಗದವನ್ನು ಮಡಿಚಿ ಹಿಡಿದು ಕುಳಿತವರು ಅಲ್ಲಿಗೆ ಬೇಡಲು ಬಂದವರಲ್ಲ. ಒಪ್ಪಿಸಿದ್ದು ಏನಾಯಿತೆಂದು ಕೇಳಲು ಬಂದವರು.